ಉಪ್ಪು ಚಿಕ್ಕಪ್ಪ

೩ ಮಾರ್ಚ್ ೨೦೨೫, ಸೋಮವಾರ, ಸಿಟಿವೆಸ್ಟ್

ಬಹುಕಾಲದಿಂದ ಸ್ಥಗಿತಗೊಂಡಿದ್ದ ದಿನಚರಿಯನ್ನು ಇಂದು ಪುನರಾರಂಭಿಸುತ್ತಿದ್ದೇನೆ. ಕಾರಣ ಸಾಮಾನ್ಯವಾದದ್ದಲ್ಲ. ನನ್ನ ಹಿಂದಿಗೆ ಕೊನೆಗೂ ಕರೆ ಬಂದಿದೆ.

ಮೂವತ್ತೆರಡು ವರ್ಷ ಮೈಸೂರಿನ ಪ್ರೌಢಶಾಲೆಯಲ್ಲಿ ಹಿಂದಿ ಕಲಿಸಿದೆ. ಬೇಡ ಎಂದವರಿಗೇ ಕಲಿಸಿದೆ. ಆ ವಿದ್ಯೆ ಬೇಕೆಂದು ಒಬ್ಬರೂ ಮನೆಗೆ ಬಂದು ಕೇಳಿದವರಲ್ಲ. ಈಗ ಮಗಳ ಮನೆಗೆಂದು ಈ ಐರಿಷ್ ಊರಿಗೆ ಮೂರು ತಿಂಗಳ ವೀಸಾದಲ್ಲಿ ಬಂದು, ಹರ್ಷಿತಾ ಸ್ಯಾಂಡಿಫರ್ಡ್‌ನ ಆಫೀಸಿಗೆ ಹೊರಟ ಮೇಲೆ ಸಂಜೆಯವರೆಗೆ ಹೀಟರಿನೊಡನೆ ಏಕಾಂತವನ್ನು ಅನುಭವಿಸುತ್ತಿರುವಾಗ ಕೇಳುವವರು ಬಂದರು. ಅವಳ ಸಹೋದ್ಯೋಗಿ ಕಿಶೋರ್, ಹಾಸನದ ಕಡೆಯವನು. ಶನಿವಾರಗಳಲ್ಲಿ ಇಲ್ಲಿನ ಗ್ರಂಥಾಲಯದಲ್ಲಿ ಸ್ವಯಂಸೇವೆ ಮಾಡುತ್ತಾನೆ.

ಗ್ರಂಥಾಲಯದವರು ಇದೇ ೨೯ರಂದು ಮಧ್ಯಾಹ್ನ ನೆರೆಹೊರೆಯವರ ಭಾಷೆಗಳ ಕವಿತಾವಾಚನ ಇಟ್ಟುಕೊಂಡಿದ್ದಾರಂತೆ. ಜಾರ್ಖಂಡಿನ ಏತ್ವಾರಿ ಬೇಕ್ ಎಂಬ ಆದಿವಾಸಿ ಕವಯಿತ್ರಿ, ಉರಾಂವ್ ಜನದವರು, ಹಿಂದಿಯಲ್ಲಿ ಮೂರು ಸಂಕಲನ ತಂದವರು, ಊರಿನ ಇನ್ನೊಂದು ತುದಿಯ ಸ್ಯಾಂಟ್ರಿಯಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಬಂದಿದ್ದಾರೆ. ಅವರು ಓದುವ ಒಂದು ಕವಿತೆಯನ್ನು ಅನುವಾದಿಸಿ ಕರಪತ್ರ ಮಾಡಬೇಕು.

"ಅಂಕಲ್, ಫೋನಿಗೆ ಹಾಕಿ ನೋಡಿದ್ವಿ. ಉಪ್ಪು ಅಂಕಲ್ಲು ಅಂತ ಏನೇನೋ ಬರ್ತಿದೆ. ನೀವು ಸ್ವಲ್ಪ ನೋಡ್ತೀರಾ?" ಎಂದ ಕಿಶೋರ್.

ಯಂತ್ರಕ್ಕೆ ಕಾವ್ಯ ತಿಳಿಯುವುದುಂಟೇ. ಒಪ್ಪಿದೆ. ನಾನು ಹಿಂದಿಯಿಂದ ಕನ್ನಡಕ್ಕೆ ತರುವುದು, ಹರ್ಷಿತಾ ಅದನ್ನು ಇಂಗ್ಲಿಷಿಗೆ ಮಾಡುವುದು. ಕರಪತ್ರದ ಕೊನೆಗೆ ನನ್ನ ಹೆಸರು ಮುದ್ರಿತವಾಗುತ್ತದೆಯಂತೆ. ಲಗ್ನಪತ್ರಿಕೆಗಳನ್ನು ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ. ನನ್ನ ದಿವಂಗತ ಧರ್ಮಪತ್ನಿ ಶ್ರೀಮತಿ ಭಾನುಮತಿ ಇದ್ದಿದ್ದರೆ ಎಷ್ಟು ಹರ್ಷಿಸುತ್ತಿದ್ದಳೋ.

೫ ಮಾರ್ಚ್, ಬುಧವಾರ

ಕವಿತೆ ಫೋನಿನಲ್ಲಿ ಬಂದಿತು. ಬ್ಲಾಕ್ ಆಫೀಸಿನ ಯಾವುದೋ ಅರ್ಜಿ ನಮೂನೆಯ ಹಿಂಬದಿಯಲ್ಲಿ ಕೈಬರಹದಲ್ಲಿದೆ. ಆಕೆ ಅಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದರಂತೆ. ಸಾರಾಂಶ ಹೀಗಿದೆ:

ಉಪ್ಪು ನಮ್ಮ ಚಿಕ್ಕಪ್ಪ.
ಸಂತೆಯಲ್ಲಿ ಅವನನ್ನು ತೂಗಿ ಮಾರುತ್ತಾರೆ.
ನಾನು ಮನೆಗೆ ಕರೆದುಕೊಂಡು ಬರುತ್ತೇನೆ.
ತಟ್ಟೆಯ ಅಂಚಿನಲ್ಲಿ ಅವನೊಬ್ಬನನ್ನೇ ಕೂರಿಸುವುದಿಲ್ಲ.
ಮಳೆ ಬಂತು. ಸೆರಗಿನಲ್ಲಿ ಕಟ್ಟಿಕೊಂಡು ಓಡುತ್ತಿದ್ದೇನೆ,
ಚಿಕ್ಕಪ್ಪ ಕರಗಿಬಿಟ್ಟಾನು.

ಇಷ್ಟೇ. ಪ್ರಾಸವಿಲ್ಲ, ಪ್ರಕೃತಿವರ್ಣನೆ ಇಲ್ಲ. ಕಾಡಿನ ಕವಯಿತ್ರಿಯ ಕವಿತೆಯಲ್ಲಿ ಒಂದು ಮರವೂ ಇಲ್ಲ. ಲಿಂಗದೋಷ ಎರಡು ಕಡೆ. ಪ್ರಿಂಟ್ ತೆಗೆಸಿ, ರೂಢಿಬಲದಿಂದ ಕೆಂಪು ಶಾಯಿಯಲ್ಲಿ ತಿದ್ದಿ, ಐದಕ್ಕೆ ಮೂರೂವರೆ ಅಂಕ ಕೊಟ್ಟು, 'ಕೈಬರಹಕ್ಕೆ ಅರ್ಧ ಅಂಕ ಕಡಿತ' ಎಂದು ಷರಾ ಬರೆದು, ಫೋಟೋ ತೆಗೆದು ಆಕೆಗೆ ಕಳಿಸಿದೆ. ಕಳಿಸಿದ ಮೇಲೆ ಕಳಿಸಬಾರದಿತ್ತೇನೋ ಅನ್ನಿಸಿತು.

ಅರ್ಧ ಗಂಟೆಗೆ ಧ್ವನಿಸಂದೇಶ ಬಂತು. ಎರಡು ನಿಮಿಷ ಬರೀ ನಗು. ಕೊನೆಗೆ, "ಮಾಸ್ಟರ್ ಸಾಹೇಬ್, ಪಾಸಾದೆನಲ್ಲ, ಸಾಕು" ಎಂದರು.

೭ ಮಾರ್ಚ್, ಶುಕ್ರವಾರ

ಅನುವಾದ ಸಂಪೂರ್ಣ. 'ಲವಣವೆಂಬುದು ನಮಗೆ ಪಿತೃಸಮಾನ ಬಂಧು' ಎಂದು ಆರಂಭಿಸಿದ್ದೇನೆ. ಆದರೆ ಮೂಲದಲ್ಲಿ ಒಂದು ಮಹಾ ಕೊರತೆಯಿತ್ತು: ಸಂದೇಶ. ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆ ಯಾವತ್ತೂ ಅದೇ, ಈ ಕವಿತೆಯಿಂದ ನಮಗೆ ದೊರೆಯುವ ಸಂದೇಶವೇನು? ಮೂವತ್ತೆರಡು ವರ್ಷದಲ್ಲಿ ಸಂದೇಶವಿಲ್ಲದ ಕವಿತೆಯನ್ನು ನಾನು ಕಂಡಿಲ್ಲ. ಮಳೆಯಲ್ಲಿ ಓಡುತ್ತಾ ಓಡುತ್ತಾ ಕವಿತೆ ನಿಂತೇಹೋದರೆ ಓದುಗನ ಗತಿಯೇನು? ಆದ್ದರಿಂದ ಕೊನೆಗೆ ನಾಲ್ಕು ಸಾಲು ಸೇರಿಸಿದೆ:

ಹೇ ಮಾನವಾ, ಆಲಿಸು ಕಾಡಿನ ಕೂಗನು,
ಅರಣ್ಯಮಾತೆಯ ಕಂಬನಿಯೇ ಲವಣವು,
ಉಳಿಸು ವನವನು, ಬೆಳೆಸು ಮನವನು,
ಇದುವೇ ಗಿರಿಜನರ ಅಮರ ಸಂದೇಶವು.

ಬರೆದಾಗ ನನಗೇ ರೋಮಾಂಚನವಾಯಿತು. ಹರ್ಷಿತಾ ಇಂಗ್ಲಿಷ್ ಮಾಡುತ್ತಾ, "ಅಪ್ಪ, ಲವಣ ಅಂದ್ರೂ ಸಾಲ್ಟೇ ತಾನೇ? ಪಿತೃಸಮಾನ ಬಂಧು ಅಂದ್ರೆ ಅಂಕಲ್ ಅಂತ ಹಾಕ್ತೀನಿ" ಎಂದು ನನ್ನ ಅಲಂಕಾರಗಳನ್ನೆಲ್ಲ ಉದುರಿಸಿಬಿಟ್ಟಳು. "ಕೊನೇ ನಾಲ್ಕು ಲೈನು ಮಾತ್ರ ಬೇರೆ ಯಾರೋ ಬರೆದ ಹಾಗಿದೆ" ಎಂದಳು. ಅದೇ ಕವಿತೆಯ ಪ್ರಾಣ, ಮುಟ್ಟಬೇಡ ಎಂದೆ. ಕಿಶೋರ್‌ಗೆ ಕಳಿಸಿಯಾಯಿತು.

೧೬ ಮಾರ್ಚ್, ಭಾನುವಾರ

ಕವಯಿತ್ರಿಯನ್ನು ಸಂದರ್ಶಿಸಲು ಸ್ಯಾಂಟ್ರಿಗೆ ಹೋಗಿದ್ದೆ. ಕಿಶೋರ್ ಜೊತೆಗೆ ಬಂದ. ನಾಳೆ ಪ್ಯಾಟ್ರಿಕ್ ಹಬ್ಬವೆಂದು ಇಲ್ಲಿನ ಟ್ರಾಮ್ ಲುವಾಸ್‌ನ ತುಂಬಾ ಹಸಿರು ಟೋಪಿಗಳು. ಆ ನಂತರ ಬಸ್ಸು.

ನಾನು ಬಾಗಿಲಲ್ಲೇ "ಆಪಕೇ ಪುನೀತ ದರ್ಶನ ಸೇ ಮೈಂ ಕೃತಾರ್ಥ ಹುವಾ" ಎಂದೆ. ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸು, ಅರವತ್ತರ ಆಸುಪಾಸು, ಸೀರೆಯ ಮೇಲೆ ಮಗಳ ದೊಡ್ಡ ಜಾಕೆಟ್ಟು. ಒಂದು ಕ್ಷಣ ನನ್ನನ್ನೇ ನೋಡಿ, ಹಿಂದಕ್ಕೆ ತಿರುಗಿ ಕೂಗಿದರು: "ಸುಮಂತೀ, ಬಾ. ಮಹಾಭಾರತ ಬಂದಿದೆ."

ಅವರ ಹಿಂದಿ ನನಗೆ ಅರ್ಧ ಅರ್ಥವಾಗಲಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷದಲ್ಲಿ ನಾನು ತರಗತಿಯ ಹೊರಗೆ ಹಿಂದಿಯವರೊಡನೆ ಮಾತಾಡಿದ್ದು ಒಮ್ಮೆ, ಕಾಶಿಯಲ್ಲಿ. ದೋಣಿಯವನನ್ನು "ಹೇ ನಾವಿಕ" ಎಂದು ಕರೆದೆ. ಅವನು ನಾನು ನಾಟಕ ಕಂಪನಿಯವನೆಂದು ತಿಳಿದ. ಭಾನುಮತಿ ಆ ದಡ ಮುಟ್ಟುವವರೆಗೂ ನಕ್ಕಿದ್ದಳು.

ನಿಮ್ಮ ಮಾತೃಭಾಷೆ ಬೇರೆ ಇರುವಾಗ ಹಿಂದಿಯಲ್ಲಿ ಏಕೆ ಬರೆಯುತ್ತೀರಿ ಎಂದು ಕೇಳಿದೆ. "ಆಫೀಸಿನಲ್ಲಿ ನಮ್ಮ ಜನರಿಗೆ 'ಆಗುವುದಿಲ್ಲ' ಅಂತ ಪತ್ರ ಟೈಪ್ ಮಾಡುತ್ತಿದ್ದದ್ದು ನಾನೇ. ಎಲ್ಲ ಹಿಂದಿಯಲ್ಲಿ. ಅದೇ ನಮೂನೆಯ ಹಿಂದೆ, ಅದೇ ಭಾಷೆಯಲ್ಲಿ ಉತ್ತರ ಬರೆಯತೊಡಗಿದೆ" ಎಂದರು. ಅವರ ಮನೆಮಾತು ಕುಡುಖ್. ಕಣ್ಣಿಗೆ ಖನ್, ಬಾಯಿಗೆ ಬಾಯಿ, ನೀನು ಎನ್ನಲು ನೀನ್. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನೋಡಿ ಮಾಸ್ಟರ್ ಸಾಹೇಬ್, ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾವಿಬ್ಬರೂ ಭೇಟಿಯಾಗಿದ್ದು ಮಾತ್ರ ಹಿಂದಿ ಎಂಬ ಬಾಡಿಗೆ ಮನೆಯಲ್ಲಿ" ಎಂದು ಚಹಾ ಕೊಟ್ಟರು.

ಮಗಳು ಸುಮಂತಿ ತಾಯಿಯ ಕವಿತಾವಾಚನಕ್ಕೆ ಇದುವರೆಗೆ ಒಮ್ಮೆಯೂ ಹೋಗಿಲ್ಲವಂತೆ. "ಎಲ್ಲ ಕಡೆ ಯಾರಾದರೂ ಒಬ್ಬರು ಎದ್ದು ನಿಂತು ಅಮ್ಮನನ್ನು ಕಾಡಿನ ಕೂಗು ಅಂತಾರೆ. ಅಮ್ಮ ಕೂಗುವುದು ನನ್ನ ಮೇಲೆ ಮಾತ್ರ. ಈ ಸಲ ರಜೆ ಹಾಕಿದ್ದೇನೆ. ಅಲ್ಲೂ ಕಾಡಿನ ಕೂಗು ಅಂದರೆ ಎದ್ದು ಬಂದುಬಿಡುತ್ತೇನೆ."

ಏತ್ವಾರಿಜಿ ಮಗಳ ಮುಖವನ್ನೊಮ್ಮೆ ನೋಡಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅದು ಮುರಿದು ಒಳಗೆ ಬಿತ್ತು. ನನಗೆ ನನ್ನ ನಾಲ್ಕು ಸಾಲಿನ ನೆನಪಾಯಿತು. ಆದರೆ ಸಂದೇಶ ಸಂದೇಶವೇ.

ಹೊರಡುವಾಗ ಆಕೆ ನನಗೆ ಹೋಂವರ್ಕ್ ಕೊಟ್ಟರು. ದಿನಕ್ಕೊಂದು ಸಾಲು ಹಿಂದಿಯಲ್ಲಿ ಬರೆದು ಓದಿ ಕಳಿಸಬೇಕು. ಕಂಡದ್ದು, ಮಾಡಿದ್ದು ಮಾತ್ರ. ಮನೆಯಲ್ಲಿ ಆಡದ ಮಾತು ಹಾಕಕೂಡದು. ಸಂದೇಶ ಬೇಡವೇ ಬೇಡ. ನನ್ನ ಅನುಭವವೇನು, ಆಕೆ ಹೇಳುವುದೇನು. ವಯಸ್ಸಾದವರೆಂದು ನಕ್ಕು ಒಪ್ಪಿದೆ. ಆಕೆ ನನಗಿಂತ ಮೂರು ವರ್ಷ ಚಿಕ್ಕವರು.

೧೮ ಮಾರ್ಚ್, ಮಂಗಳವಾರ

ಹೋಂವರ್ಕ್: 'ಉಷ್ಣಯಂತ್ರವು ಏಕಾಂತದಲ್ಲಿ ನಿಟ್ಟುಸಿರಿಡುತ್ತಿದೆ.'

ಉತ್ತರ: "ಮನೆಯಲ್ಲಿ ಅದನ್ನು ಏನಂತೀರಿ?"

ಹೀಟರ್ ಎನ್ನುತ್ತೇವೆ. ಟುಕ್ ಟುಕ್ ಎನ್ನುತ್ತದೆ. ಹಾಗೇ ಬರೆದು ಕಳಿಸಿದೆ. ಇಂಥದ್ದಕ್ಕೆ ನಾನು ಎಂದೂ ಅಂಕ ಕೊಟ್ಟವನಲ್ಲ.

೨೦ ಮಾರ್ಚ್, ಗುರುವಾರ

ಲುವಾಸ್‌ನಲ್ಲಿ ಒಬ್ಬಾಕೆ ಕಿತ್ತಳೆ ಸುಲಿದಳು. ಬೋಗಿಯ ತುಂಬಾ ವಾಸನೆ. ಎಲ್ಲರೂ ಸ್ವಲ್ಪ ಮೂಗು ಎತ್ತಿದರು.

ಕಳಿಸಿದೆ. "ಹ್ಞೂಂ" ಎಂದು ಉತ್ತರ ಬಂತು. ಆ ಹ್ಞೂಂ ಅನ್ನು ನಾಲ್ಕು ಸಲ ಕೇಳಿದೆ.

೨೩ ಮಾರ್ಚ್, ಭಾನುವಾರ

ಏತ್ವಾರಿಜಿ ಊಟಕ್ಕೆ ಬಂದಿದ್ದರು. ಹರ್ಷಿತಾ ಅಂಗಡಿಯಿಂದ ಫ್ರೀಜರಿನ ಬಾಳೆಲೆ ತಂದಿದ್ದಳು. ನಮ್ಮ ಪದ್ಧತಿಯಂತೆ ನಾನೇ ಎಲೆಯ ತುದಿಗೆ ಮೊದಲು ಉಪ್ಪು ಬಡಿಸಿದೆ.

ಆಕೆ ಕೈ ಹಿಂದಕ್ಕೆಳೆದು ಕುಳಿತರು.

"ಮಾಸ್ಟರ್ ಸಾಹೇಬ್, ಚಿಕ್ಕಪ್ಪನನ್ನು ಹೀಗೆ ಒಬ್ಬನನ್ನೇ ಎಲೆಯ ಮೂಲೆಗೆ ಕೂರಿಸಿದಿರಲ್ಲ."

ನಾನು ನಕ್ಕೆ. ಆಕೆ ನಗಲಿಲ್ಲ. ಅವರ ಕುಲದ ಹೆಸರೇ ಬೇಕ್. ಅಂದರೆ ಅವರ ಮಾತಿನಲ್ಲಿ ಉಪ್ಪು. ಬೇರೆ ಕುಲದವರಿಗೆ ಆಮೆ, ಕಾಗೆ, ಮೀನು ಇದ್ದ ಹಾಗೆ ಇವರಿಗೆ ಉಪ್ಪು ನೆಂಟ. ಅಡುಗೆಯಲ್ಲಿ ಬೆರೆತು ಬಂದರೆ ಸರಿ, ಬಿಡಿ ಉಪ್ಪನ್ನು ಮುಟ್ಟಿ ತಿನ್ನುವುದಿಲ್ಲ. "ಈಗ ಎಲ್ಲರೂ ನಡೆಸುತ್ತಾರೋ ಇಲ್ಲವೋ. ನಮ್ಮಜ್ಜಿ ನಡೆಸುತ್ತಿದ್ದಳು, ನಾನೂ ನಡೆಸುತ್ತೇನೆ."

"ಅಂದರೆ ಅದು ರೂಪಕಾಲಂಕಾರವಲ್ಲವೇ?" ಎಂದೆ.

"ಇಲ್ಲ. ಚಿಕ್ಕಪ್ಪ."

ಹರ್ಷಿತಾ ಆ ಉಪ್ಪನ್ನು ಚಮಚದಲ್ಲಿ ತೆಗೆದು ಸಾರಿನ ಪಾತ್ರೆಗೆ ಹಾಕಿದಳು. ಆಮೇಲೆ ಆಕೆ ಎರಡು ಸಲ ಅನ್ನ ಹಾಕಿಸಿಕೊಂಡರು. ಮಳೆಯಲ್ಲಿ ಓಡಿದ ದಿನದ ಕಥೆಯನ್ನೂ ಹೇಳಿದರು. ರೇಷನ್ ಕೂಪನ್ನಿನ ಉಪ್ಪು ತಿಂಗಳಿಗೊಮ್ಮೆ ಬರುತ್ತಿತ್ತಂತೆ. ಕಾಡಿನ ಕೂಗೂ ಇಲ್ಲ, ಕಂಬನಿಯೂ ಇಲ್ಲ. ನೆಂಟನೊಬ್ಬ ನೆನೆಯಬಾರದೆಂದು ಹೆಂಗಸೊಬ್ಬಳು ಓಡಿದಳು, ಅಷ್ಟೆ. ನಾನು ಆ ಓಟದ ಕೊನೆಗೆ ಅರಣ್ಯ ಇಲಾಖೆಯ ಬೋರ್ಡು ನೆಟ್ಟಿದ್ದೇನೆ.

ನನಗೆ ನಾಚಿಕೆಯಾಯಿತು. ಸಾರು ತುಂಬಾ ಚೆನ್ನಾಗಿತ್ತು.

೨೪ ಮಾರ್ಚ್, ಸೋಮವಾರ

ಕಿಶೋರ್‌ಗೆ ಫೋನ್ ಮಾಡಿದೆ. "ಅಂಕಲ್, ಅರವತ್ತು ಕಾಪಿ ಪ್ರಿಂಟ್ ಆಗೋಯ್ತು. ಲೈಬ್ರರಿಯವ್ರು ಗ್ರ್ಯಾಂಡ್ ಗ್ರ್ಯಾಂಡ್ ಅಂತಿದ್ದಾರೆ. ನಿಮ್ಮ ಹೆಸ್ರೂ ದಪ್ಪಗೆ ಬಂದಿದೆ."

ಹೋಂವರ್ಕ್ ಮಾಡಲಿಲ್ಲ.

೨೬ ಮಾರ್ಚ್, ಬುಧವಾರ

ಹೇಳಿಬಿಡೋಣವೆಂದು ಸ್ಯಾಂಟ್ರಿಗೆ ಒಬ್ಬನೇ ಹೋದೆ. ತಪ್ಪು ಬಸ್ಸು ಹತ್ತಿ ವಿಮಾನ ನಿಲ್ದಾಣದವರೆಗೂ ಹೋಗಿ ವಾಪಸ್ ಬಂದೆ. ಇನ್ನು ಸ್ವಲ್ಪದರಲ್ಲಿ ಮೈಸೂರಿಗೇ ಹೋಗುತ್ತಿದ್ದೆ.

ಆಕೆ ಮೆಟ್ಟಿಲ ಮೇಲೆ ಕುಳಿತು ಯಾವುದೋ ನಮೂನೆಯ ಹಿಂದೆ ಬರೆಯುತ್ತಿದ್ದರು. ಸುಮಂತಿ ಶನಿವಾರಕ್ಕೆಂದು ಸೀರೆ ಇಸ್ತ್ರಿ ಮಾಡಿಟ್ಟಿದ್ದಾಳೆ ಎಂದು ಎರಡು ಸಲ ಹೇಳಿದರು. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಮಗಳು ಮುಂದೆ ಕುಳಿತು ಕೇಳುವುದು ಇದೇ ಮೊದಲು ಎಂದರು. ಆಗ ಅವರ ದನಿ ಬೇರೆಯಾಗಿತ್ತು.

ನಾನು ಬಾಯಿ ತೆರೆದೆ. ಹವೆ ಚೆನ್ನಾಗಿದೆ ಎಂದೆ.

"ಮತ್ತೇನಾದರೂ ಹೇಳುವುದಿದೆಯಾ ಮಾಸ್ಟರ್ ಸಾಹೇಬ್?" ಎಂದು ಕೇಳಿದರು. ಕಣ್ಣಲ್ಲಿ ಏನೋ ತುಂಟತನ. ಇಲ್ಲ ಎಂದೆ. ಮೂವತ್ತೆರಡು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

೨೮ ಮಾರ್ಚ್, ಶುಕ್ರವಾರ

ಮಧ್ಯಾಹ್ನ ಗ್ರಂಥಾಲಯಕ್ಕೆ ಹೋದೆ. ಕುರ್ಚಿ ಜೋಡಿಸಲು ಬಂದೆ ಎಂದೆ. ಅಲ್ಲಿನ ಹೆಂಗಸು ಖುಷಿಯಿಂದ ಬಿಸ್ಕತ್ತು ಕೊಟ್ಟಳು. ಕರಪತ್ರಗಳ ಕಟ್ಟನ್ನು ತೆಗೆದುಕೊಂಡು ಮಕ್ಕಳ ಪುಸ್ತಕದ ಕಪಾಟಿನ ಹಿಂದೆ ಕುಳಿತೆ. ಮನೆಯಿಂದ ಕತ್ತರಿ ತಂದಿದ್ದೆ. ಆ ನಾಲ್ಕು ಸಾಲು ಪುಟದ ಕೆಳಗಿದ್ದವು. ನೇರವಾಗಿ ಒಂದು ಕತ್ತರಿ ಹಾಕಿದರೆ ಮುಗಿಯಿತು.

ಹಾಕಲು ಹೋದಾಗ ನೋಡಿದೆ. ನಾಲ್ಕು ಸಾಲಿನ ಕೆಳಗೆ ನನ್ನ ಹೆಸರಿತ್ತು. ಅನುವಾದ: ಎಂ. ವೆಂಕಟೇಶಮೂರ್ತಿ, ಮೈಸೂರು. ದಪ್ಪ ಅಕ್ಷರ. ಸಾಲು ಹೋದರೆ ಹೆಸರೂ ಹೋಗುತ್ತದೆ. ಹೆಸರು ಉಳಿದರೆ ಸಾಲೂ ಉಳಿಯುತ್ತದೆ.

ಮೊದಲನೆಯದನ್ನು ಕತ್ತರಿಸಲು ಕಷ್ಟವಾಯಿತು. ಆಮೇಲೆ ಕೈ ಓಡಿತು. ಹತ್ತನೆಯದು ಸೊಟ್ಟ ಹೋಯಿತು. ಎಣಿಸಿದಾಗ ಐವತ್ತೊಂಬತ್ತೇ ಇದ್ದವು. ಒಂದು ಎಲ್ಲಿ ಹೋಯಿತೆಂದು ಕಪಾಟಿನ ಕೆಳಗೆಲ್ಲ ಹುಡುಕಿದೆ. ಚೂರುಗಳನ್ನು ಕೋಟಿನ ಜೇಬಿಗೆ ತುಂಬಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಹೆಸರು ಜೇಬಿನಲ್ಲಿ ಸರಸರ ಅನ್ನುತ್ತಿತ್ತು.

ಹರ್ಷಿತಾ ನೋಡಿದಳು. "ಏನಪ್ಪ ಇದು, ಜೇಬಲ್ಲಿ?" ಎಂದಳು. ಹೇಳಿದೆ. ಅವಳು ನನ್ನ ಕೋಟು ತೆಗೆದು ಮೊಳೆಗೆ ಹಾಕಿದಳು.

೨೯ ಮಾರ್ಚ್, ಶನಿವಾರ

ಜನ ನಲವತ್ತಕ್ಕೂ ಹೆಚ್ಚು. ಸುಮಂತಿ ಮೊದಲ ಸಾಲಿನಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ತುದಿ ಕುರ್ಚಿಯಲ್ಲಿ ಕುಳಿತಿದ್ದಳು.

ಏತ್ವಾರಿಜಿ ಓದಿದರು. ಹರ್ಷಿತಾ ಇಂಗ್ಲಿಷಿನಲ್ಲಿ ಓದಿದಳು. ಚಿಕ್ಕಪ್ಪ ಕರಗಿಬಿಟ್ಟಾನು ಎಂಬಲ್ಲಿ ಕವಿತೆ ಮುಗಿಯಿತು. ಎಲ್ಲರೂ ಇನ್ನೂ ಮಳೆಯಲ್ಲೇ ಇದ್ದರು.

ಆಗ ಸುಮಂತಿ ಕುಳಿತಲ್ಲಿಂದಲೇ ಹಿಂದಿಯಲ್ಲಿ ಕೇಳಿದಳು: "ಆವತ್ತು ನಾನೂ ಇದ್ದೆನಲ್ಲ ಅಮ್ಮ. ನೀನು ಉಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ನನ್ನನ್ನು ಮಳೆಯಲ್ಲಿ ಹಿಂದೆ ಓಡಿಸಿದೆ."

"ನೀನು ಕರಗುವವಳಾಗಿರಲಿಲ್ಲ" ಎಂದರು ಏತ್ವಾರಿಜಿ.

ಸುಮಂತಿ ನಕ್ಕಳು. ಆಮೇಲೆ ಅತ್ತಳು. ಆಮೇಲೆ ಪಕ್ಕದಲ್ಲಿದ್ದ ಐರಿಷ್ ಅಜ್ಜನಿಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಎದ್ದು ಹೋಗಲಿಲ್ಲ.

ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಏತ್ವಾರಿಜಿ ಚೀಲಕ್ಕೆ ಕೈ ಹಾಕಿ ಮಡಚಿದ ಹಾಳೆಯೊಂದನ್ನು ತೆಗೆದರು. ಅರವತ್ತನೆಯ ಕರಪತ್ರ, ಕತ್ತರಿ ಕಾಣದ್ದು. ಅಚ್ಚಾದ ದಿನವೇ ಕಿಶೋರ್ ಪ್ರೀತಿಯಿಂದ ಕೊಟ್ಟು, ಅರ್ಥವನ್ನೂ ಹೇಳಿಬಂದಿದ್ದನಂತೆ. ಎಲೆಯ ಮೇಲೆ ಉಪ್ಪು ಬಡಿಸಿದ ಮಾರನೆಯ ದಿನದಿಂದ ಆಕೆಗೆ ಎಲ್ಲ ಗೊತ್ತಿತ್ತು. ಬುಧವಾರ ಮೆಟ್ಟಿಲ ಮೇಲೆ ನಾನು ಹವೆಯ ಬಗ್ಗೆ ಹೇಳಿದಾಗಲೂ ಗೊತ್ತಿತ್ತು.

ನನ್ನ ನಾಲ್ಕು ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಐದಕ್ಕೆ ಒಂದೂವರೆ. ಕೆಳಗೆ ಷರಾ: 'ಸಂದೇಶ ಇದೆ. ಚಿಕ್ಕಪ್ಪ ಎಲ್ಲಿ?'

"ಮಗಳು ಎದ್ದು ಹೋಗುತ್ತಾಳೆ ಅಂತ ಗೊತ್ತಿದ್ದೂ ಸುಮ್ಮನಿದ್ದಿರಾ?" ಎಂದು ಮೆಲ್ಲಗೆ ಕೇಳಿದೆ.

"ಭಯವಿತ್ತು. ಆದರೂ ಮಾಸ್ಟರ್ ಸಾಹೇಬ್ ಏನು ಮಾಡುತ್ತಾರೆ ನೋಡೋಣ ಅಂತ ಕಾದೆ. ಇವತ್ತು ಬಂದು ಸೊಟ್ಟ ಕತ್ತರಿಸಿದ್ದು ನೋಡಿದ ಮೇಲೆ ಬಿಸ್ಕತ್ತು ಸೇರಿತು."

ಆಮೇಲೆ ಸಭೆಗೆ ನನ್ನನ್ನು ತೋರಿಸಿ, ಈ ಕವಿತೆಯನ್ನು ಇಲ್ಲಿಗೆ ಹೊತ್ತು ತಂದವರು ಇವರು, ಹೆಸರು ಕತ್ತರಿಯಲ್ಲಿ ಹೋಯಿತು, ಈಗ ತಮ್ಮ ಹೋಂವರ್ಕ್ ಓದುತ್ತಾರೆ ಎಂದರು. ಸುಮಂತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿಯೂಬಿಟ್ಟಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬೆಳಿಗ್ಗೆ ಬರೆದದ್ದು ಜೇಬಿನಲ್ಲಿತ್ತು. ಕನ್ನಡದಲ್ಲೇ ಓದಿ, ಏತ್ವಾರಿಜಿಗಾಗಿ ಹಿಂದಿಯಲ್ಲೂ ಹೇಳಿದೆ.

ಭಾನು ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದಳು.
ದಿನಾ ಹೇಳುತ್ತಿದ್ದೆ.
ಈಗ ಸಾರಿಗೆ ಉಪ್ಪು ಸರಿಯಾಗಿದೆ.
ಹೇಳಲು ಏನೂ ಇಲ್ಲ.

ಇಂಗ್ಲಿಷ್ ಮಾಡಬೇಕಾದ ಹರ್ಷಿತಾ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಮ್ಮೆ ಓದಿಕೊಂಡಳು.

"ಸಂದೇಶ?" ಎಂದು ಏತ್ವಾರಿಜಿ ಹುಬ್ಬೇರಿಸಿದರು. ಇಲ್ಲ ಎಂದೆ. ಹಾಳೆ ಕಿತ್ತುಕೊಂಡು ನಾಲ್ಕೂವರೆ ಕೊಟ್ಟರು. ಕೈಬರಹಕ್ಕೆ ಅರ್ಧ ಕಡಿತ.

೬ ಏಪ್ರಿಲ್, ಭಾನುವಾರ

ಏತ್ವಾರಿಜಿ ಬುಧವಾರ ಊರಿಗೆ ಹೋದರು. ಇಲ್ಲಿ ಬಿಸಿಲು.

ಸಾರು ನಾನೇ ಮಾಡುತ್ತೇನೆ ಎಂದೆ. ಹರ್ಷಿತಾ ಒಂದು ತುತ್ತು ತಿಂದು, ನನ್ನ ಮುಖ ನೋಡಿ, "ಅಪ್ಪ, ಉಪ್ಪು ಕಡಿಮೆ ಆಯ್ತು" ಎಂದಳು.

ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಎಟುಕದ ಹಾಗೆ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ.